ವಿಚಾರ ಮಾಡಬಾರದು

ಆ ಭಾನುವಾರ ದೇವಿದಾಸನ ನಾಲಗೆ ಏಳನೆಯ ಆಜ್ಞೆಯ ಮೇಲೆ ಕಾಲು ಜಾರಿ ಬಿತ್ತು.

ಪೀಠದ ಮುಂದೆ ನಿಂತ ಹಿರಿಯ ಹತ್ತು ಆಜ್ಞೆಗಳನ್ನು ಗಟ್ಟಿಯಾಗಿ ಓದಬೇಕು, ಒಂದೊಂದಕ್ಕೂ ಸಭೆ 'ಕರ್ತನೇ, ಕರುಣಿಸು' ಅನ್ನಬೇಕು; ಗಡಿಯಾಚೆ ನ್ಯಾಲ್ಕಲ್ ಕಡೆಯ ಆ ಸಣ್ಣ ಚರ್ಚಿನಲ್ಲಿ ಅದು ಹಳೆಯ ಪದ್ಧತಿ. ದೇವಿದಾಸ ನರಹತ್ಯೆಯನ್ನು ಸುಸೂತ್ರವಾಗಿ ಮುಗಿಸಿದ. ಮುಂದಿನದಕ್ಕೆ ಬಂದಾಗ ಮಾತ್ರ ಗಂಟಲು ಒಣಗಿತು, ಕನ್ನಡಕ ಮೂಗಿನ ತುದಿಗಿಳಿಯಿತು, ವ್ಯಭಿಚಾರದ ನಡುವಿನ ಅಕ್ಷರ ಹೊಟ್ಟೆಗೆ ಹೋಯಿತು.

"ವಿಚಾರ ಮಾಡಬಾರದು!" ಎಂದುಬಿಟ್ಟ.

"ಕರ್ತನೇ, ಕರುಣಿಸು," ಎಂದಿತು ಸಭೆ, ಅಭ್ಯಾಸಬಲದಿಂದ.

ಆಮೇಲೆ ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಾಗಿಲಲ್ಲಿ ಗಂಟೆಯ ಹಗ್ಗ ಹಿಡಿದು ಕೂತಿದ್ದ ಪೋಚಪ್ಪ, ಪಿಸುಮಾತು ಎನ್ನಲಾಗದ ದನಿಯಲ್ಲಿ, "ಆ ಆಜ್ಞಾ ಒಂದು ನಮ್ಮ ಸಭಾ ಬರಾಬರ್ ಪಾಲಸ್ತದ ನೋಡ್ರಿ," ಎಂದ. ಎಲ್ಲರೂ ನಕ್ಕರು. ಪೋಚಪ್ಪ ನಗಲಿಲ್ಲ. ದೇವಿದಾಸನ ಕಿವಿಗಳು ಕೆಂಪಾದವು.

ಆ ಶಬ್ದಕ್ಕೇ ಅವನ ಗಂಟಲೇಕೆ ಒಣಗಿತೆಂದು ಅಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಆರಾಧನೆ ಮುಗಿದೊಡನೆ ಸಭೆಯ ಹಿರಿಯರು ಕೂರುವವರಿದ್ದರು. ಅವರ ಮುಂದೆ ಇದ್ದುದು ಒಂದೇ ಪ್ರಶ್ನೆ: ದೇವಿದಾಸನ ಮಗಳು ಪ್ರೇಮಲಾಳ ಎರಡನೆಯ ಮದುವೆ ಈ ಚರ್ಚಿನಲ್ಲಿ ಆಗಬಹುದೆ, ಬಾರದೆ? ಸಭೆಯಲ್ಲಿ ಯಾರೊಬ್ಬರು ಬೇಡವೆಂದರೂ ಆಗದು. ಆ ನಿಯಮ ಮಾಡಿಸಿದವನೂ ದೇವಿದಾಸನೇ.

ದೇವಿದಾಸ ಸರ್ಕಾರಿ ಬಸ್ಸಿನಲ್ಲಿ, ಜಹೀರಾಬಾದ್–ನಾರಾಯಣಖೇಡ್ ದಾರಿಯಲ್ಲಿ, ಕೂದಲು ಬೆಳ್ಳಗಾಗುವ ತನಕ ನಿರ್ವಾಹಕನಾಗಿದ್ದವನು. ನಿವೃತ್ತಿಯಾದ ಮೇಲೆ ಸಭೆಗೆ ಕಾರ್ಯನಿರ್ವಾಹಕನಾದ. ಬಡ್ತಿಯಲ್ಲಿ ಸಿಕ್ಕಿದ್ದು 'ಕಾರ್ಯ' ಒಂದೇ. ಊರ ಸುತ್ತಲಿನ ಫಲಕಗಳೆಲ್ಲ ತೆಲುಗಿಗೆ ತಿರುಗಿದ್ದರೂ ಅವನು ಬೈಬಲನ್ನು ಕನ್ನಡದಲ್ಲೇ ಓದುತ್ತಿದ್ದ. ಕನ್ನಡಕ್ಕೆ ಅವನು, ಅವನಿಗೆ ಕನ್ನಡಕ. ಹೀಗೆ ಒಂದಕ್ಕೊಂದು ಆಸರೆಯಾಗಿ ನಡೆದಿತ್ತು. ಯಾರು ಏನು ಕೇಳಿದರೂ ಅವನಲ್ಲಿ ತಕ್ಕ ವಚನವಿತ್ತು. ಎಲ್ಲಿಗೆ ಹೋಗಬೇಕೆಂದು ಕೇಳಿ ಟಿಕೆಟು ಹರಿದು ಕೊಟ್ಟಂತೆ ಕೊಡುತ್ತಿದ್ದ. ಉತ್ತರವಿಲ್ಲದ ಪ್ರಶ್ನೆ ಬಂದರೆ, "ಪರಲೋಕದಾಗ ಇಳಿಯೋ ಮುಂದ ಚಿಲ್ಲರ ಸಿಗ್ತದ," ಅನ್ನುತ್ತಿದ್ದ.

ಅಂಥ ಒಂದು ಟಿಕೆಟು ಕೆಲವು ವರ್ಷಗಳ ಹಿಂದೆ ಪೋಚಪ್ಪನ ಮಗ ಸುಮನ್‌ಗೆ ಸಿಕ್ಕಿತ್ತು. ಸುಮನ್‌ನ ಹೆಂಡತಿ ಬಿಟ್ಟುಹೋಗಿದ್ದಳು, ಕೋರ್ಟಿನಲ್ಲಿ ಮದುವೆಯಿಂದ ಬಿಡುಗಡೆಯೂ ಆಗಿತ್ತು. ಎರಡನೆಯ ಮದುವೆ ಇದೇ ಚರ್ಚಿನಲ್ಲಿ ಆಗಲೆಂದು ಅವನು ಕೇಳಿದಾಗ ದೇವಿದಾಸ ಎದ್ದುನಿಂತು, ಕಟ್ಟಿಕೊಂಡವರನ್ನು ಬಿಟ್ಟು ಇನ್ನೊಬ್ಬರನ್ನು ಮದುವೆಯಾದರೆ ಅದು ವ್ಯಭಿಚಾರ ಎಂಬ ಯೇಸುವಿನ ಮಾತನ್ನು ಓದಿದ. ಪೋಚಪ್ಪ ಕೈಮುಗಿದ. ದೇವಿದಾಸ, "ನನ್ನ ಕೈಯಾಗ ಏನದ? ಟಿಕೆಟಿನ ಮ್ಯಾಲ ಏನು ಛಾಪಾ ಆಗ್ಯದ, ಅದೇ ದರ," ಎಂದ. ಸುಮನ್ ತಾಂಡೂರಿಗೆ ಹೋಗಿ ಅಲ್ಲಿನ ತೆಲುಗು ಸಭೆಯೊಂದರಲ್ಲಿ ಮದುವೆಯಾದ, ಅಲ್ಲಿಯೇ ಉಳಿದ. ಪೋಚಪ್ಪ ಗಂಟೆ ಬಾರಿಸುವುದನ್ನು ಬಿಡಲಿಲ್ಲ. ದೇವಿದಾಸನ ಮನೆಯ ಚಹಾ ಬಿಟ್ಟ.

ಈಗ ಪ್ರೇಮಲಾ. ಜಹೀರಾಬಾದಿನಲ್ಲಿ ನರ್ಸು. ಗಂಡ ಒನಕೆಯಿಂದ ಅವಳ ಎಡಗೈ ಮುರಿದಿದ್ದ. ಅವಳೇ ಕೋರ್ಟಿಗೆ ಹೋಗಿ ಬಿಡುಗಡೆ ತಂದಳು. ಕೊಹೀರಿನ ಶಾಲೆಯ ಮಾಸ್ತರ ಆನಂದಕುಮಾರ, ಹೆಂಡತಿ ತೀರಿದವನು, ಅವಳನ್ನು ಕೇಳಿದ್ದ. ಅವನು ರಿಜಿಸ್ಟರ್ ಮದುವೆಗೂ ತಯಾರಿದ್ದ. ಅವಳು ಒಪ್ಪಲಿಲ್ಲ.

"ತಪ್ಪು ಮಾಡ್ದಾಕಿ ನಾ ಅಲ್ಲಪ್ಪಾ, ಕದ್ದು ಯಾಕ ಹೋಗ್ಲಿ? ಮೊದಲಿನ ಲಗ್ನ ಇಲ್ಲೇ ಮಾಡಿ ಕೊಟ್ರಿ. ಇದೂ ಇಲ್ಲೇ ಆಗ್ಬೇಕು. ಇಲ್ಲಾಂದ್ರ ಲಗ್ನಾನೇ ಬ್ಯಾಡ," ಎಂದಿದ್ದಳು. ಸ್ವಲ್ಪ ತಡೆದು, "ಸುಮನಗ ಓದಿದ್ದು ನನಗೂ ಓದ್ತೀರೇನು?" ಎಂದೂ ಕೇಳಿದ್ದಳು.

ಅಂದಿನಿಂದ ದೇವಿದಾಸನಿಗೆ ನಿದ್ದೆ ಸರಿಯಿಲ್ಲ. ಬೈಬಲಿನಲ್ಲಿ ಸಂದು ಹುಡುಕುತ್ತ ಕೂತ. ಹುಡುಕಿದಷ್ಟೂ ಸಭೆ ಸದ್ದಿಲ್ಲದೆ ಕೈಬಿಟ್ಟ ಮಾತುಗಳೇ ಎದುರಾದವು. ಆಣೆ ಇಡಬೇಡಿ ಅಂದದ್ದನ್ನು ಎಲ್ಲರೂ ಕೋರ್ಟಿನ ಕಟಕಟೆಯಲ್ಲಿ ಬಿಟ್ಟಿದ್ದರು. ದ್ರಾಕ್ಷಾರಸ ಅಂದಲ್ಲಿ ಕಿಸಮಿಸ್ ಕುದಿಸಿದ ನೀರು ಬಂದಿತ್ತು. ಜಡೆ ಹೆಣೆದು ಒಡವೆ ತೊಡಬೇಡಿ ಎಂಬ ಮಾತನ್ನು ಓದುವಾಗ ಯಾವ ಹೆಂಗಸೂ ತಲೆಯೆತ್ತುತ್ತಿರಲಿಲ್ಲ, ಯಾವ ಗಂಡಸೂ ದನಿಯೆತ್ತುತ್ತಿರಲಿಲ್ಲ.

ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ಸಾಯಮ್ಮ ಕೇಳಿದಳು: "ಪವಿತ್ರ ಮುದ್ದು ಕೊಟ್ಟು ಒಬ್ಬರಿಗೊಬ್ಬರು ವಂದನಾ ಮಾಡ್ರಿ ಅಂತ ಅದಲ್ರಿ, ಅದ್ಯಾಕ ನಡಸಲ್ಲ?"

"ಏ, ಅದು ಆ ಕಾಲದ ರಿವಾಜು."

"ನಿಮಗ ಬ್ಯಾಡಾದ್ದು ಆ ಕಾಲದ್ದು, ಮಂದಿಗಿ ಹೇಳಾದು ಎಲ್ಲಾ ಕಾಲದ್ದು."

"ಮತ್ತೇನು ಆ ಬೊಚ್ಚುಬಾಯಿ ಪೋಚಪ್ಪಗ ಮುದ್ದು ಕೊಡ್ಲೇನು?"

"ಕೊಟ್ಟಿದ್ರ ಇವತ್ತ ಈ ಪರೇಶಾನಿ ಇರ್ತಿದ್ದಿಲ್ಲ," ಎಂದು ಅವಳು ಸಿಪ್ಪೆ ಊದಿದಳು.

ಕಡೆಗೂ ಅವನು ವಾದ ಕಟ್ಟಿದ. ಯೇಸು ಅಂದದ್ದು ಹೆಂಡತಿಯನ್ನು ಬಿಡುವ ಗಂಡಸರ ಕಲ್ಲು ಮನಸ್ಸು ನೋಡಿ ಎಂಬುದೊಂದು. ಮೋಶೆ ಬಿಡುಗಡೆಪತ್ರಕ್ಕೆ ಅವಕಾಶ ಕೊಟ್ಟಿದ್ದ ಎಂಬುದು ಇನ್ನೊಂದು. ಜೊತೆಗೆ ಹಿಂದಿನ ಪಾಸ್ಟರೊಬ್ಬರು ಹೇಳಿದ್ದ ಒಂದು ಗ್ರೀಕ್ ಶಬ್ದ. ಅದರ ಅರ್ಧ ಮರೆತಿದ್ದ. ಉಳಿದರ್ಧವನ್ನು ಬಸ್ಸಿನ ಸ್ಟೇಜುಗಳ ಹಾಗೆ ಬಾಯಿಪಾಠ ಮಾಡಿಕೊಂಡ.

ಆರಾಧನೆ ಮುಗಿಯಿತು. ಜಹೀರಾಬಾದಿನಿಂದ ಬರುವ ಎಳೆಯ ಪಾಸ್ಟರು ಕುರ್ಚಿಯಲ್ಲಿ ಕೂತರು. ಯಾರೂ ಮನೆಗೆ ಹೋಗಲಿಲ್ಲ. ಪ್ರೇಮಲಾ ಹೆಂಗಸರ ಕಡೆ ಮುಂದಿನ ಸಾಲಿನಲ್ಲೇ ಕೂತಿದ್ದಳು, ಎಡ ಮೊಣಕೈಯನ್ನು ಬಲಗೈಯಿಂದ ಹಿಡಿದು. ಕೈ ಕೂಡಿದ ಮೇಲೂ ಆ ರೂಢಿ ಹೋಗಿರಲಿಲ್ಲ.

"ಯಾರದಾದರೂ ಆಕ್ಷೇಪಣೆ ಇದೆಯೇನ್ರಿ?" ಎಂದರು ಪಾಸ್ಟರು.

ಎಲ್ಲ ಕತ್ತುಗಳೂ ಬಾಗಿಲ ಕಡೆಗೆ ತಿರುಗಿದವು.

"ಮೊದಲ ಅದು ಓದಸ್ರಿ," ಎಂದ ಪೋಚಪ್ಪ. "ನಮ್ಮ ಸುಮನಗ ಓದಿದ್ದು. ಓದಿದಂವನೇ ಓದ್ಲಿ."

ದೇವಿದಾಸ ಎದ್ದ. ಕನ್ನಡಕ ಒರೆಸಿದ, ಮತ್ತೆ ಒರೆಸಿದ. ಮಬ್ಬು ಗಾಜಿನ ಮೇಲಿರಲಿಲ್ಲ, ಕಣ್ಣಿನಲ್ಲಿತ್ತು. ಪುಸ್ತಕ ತೆರೆದು ಓದಿದ. ಈ ಸಲ ಒಂದಕ್ಷರವೂ ಜಾರಲಿಲ್ಲ. ವ್ಯಭಿಚಾರ ಎಂಬ ಶಬ್ದ ಇಡಿಯಾಗಿ ಗೋಡೆಗೆ ಬಡಿದು ಬಂತು. ಯಾರೂ ನಗಲಿಲ್ಲ. ಪ್ರೇಮಲಾ ತಲೆ ತಗ್ಗಿಸಲಿಲ್ಲ.

"ಓದಿದ್ನಿ," ಎಂದ ದೇವಿದಾಸ. ಮೋಶೆ ನಾಲಗೆಯ ತುದಿಯಲ್ಲಿದ್ದ, ಅರ್ಧ ಗ್ರೀಕ್ ಅವನ ಬೆನ್ನಿಗಿತ್ತು. ಪೋಚಪ್ಪನ ಮುಖ ನೋಡಿದ. ಅಂದು ಕೈಮುಗಿದು ನಿಂತಾಗಲೂ ಅದೇ ಮುಖ. ಕಟ್ಟಿಕೊಂಡು ಬಂದದ್ದೆಲ್ಲ ಬಾಯಲ್ಲೇ ಕರಗಿತು. "ಪೋಚಪ್ಪಾ, ನಾ ವಾದ ಮಾಡಲ್ಲ. ನೀ ಬ್ಯಾಡ ಅಂದ್ರ ಬ್ಯಾಡ."

"ಅಯ್ಯ ಇವರ!" ಎಂದು ಸಾಯಮ್ಮ ಹಣೆಗೆ ಕೈಯಿಟ್ಟಳು.

ಪೋಚಪ್ಪ ಹಗ್ಗ ಬಿಟ್ಟ. ಮೇಲೆ ಗಂಟೆ ಅರ್ಧ ದನಿಯಲ್ಲಿ ಟಣ್ ಎಂದು ನಿಂತಿತು. ಅವನು ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ಹೊರಗೆ ನಿಲ್ಲಿಸಿದ್ದ, ಬಾಡಿಗೆಗೆ ಓಡಿಸುವ ತನ್ನ ಜೀಪಿನ ಕಡೆ ನಡೆದ. ಎದ್ದು ಹೋದನೆಂದರೆ ಮುಗಿಯಿತು. ಅದಕ್ಕಿಂತ ದೊಡ್ಡ ಆಕ್ಷೇಪಣೆ ಬೇಕಿರಲಿಲ್ಲ. ಪಾಸ್ಟರು ಕುರ್ಚಿಯಿಂದ ಅರ್ಧ ಎದ್ದರು. ಪ್ರೇಮಲಾ ಪೂರ್ತಿ ಎದ್ದಳು. ಜೀಪಿನ ಹಿಂದಿನಿಂದ ಥೂ ಎಂಬ ಸದ್ದು ಬಂತು, ಬಾಯಿ ಮುಕ್ಕಳಿಸಿದ ಸದ್ದೂ ಬಂತು. ಪೋಚಪ್ಪ ಮೀಸೆ ಒರೆಸಿಕೊಳ್ಳುತ್ತ ಒಳಗೆ ಬಂದ.

"ಬಾಯಾಗ ತಂಬಾಕ ಇಟ್ಕೊಂಡು ದೇವರ ಮುಂದ ಮಾತಾಡಬಾರದು," ಎಂದ. ಅದು ಎಲ್ಲಿ ಬರೆದಿದೆ ಎಂದು ಯಾರೂ ಕೇಳಲಿಲ್ಲ.

"ಈ ಹುಡುಗಿ ಕೈ ಮುರದ ದಿನ ದವಾಖಾನಿಗಿ ನನ್ನ ಜೀಪಿನಾಗೇ ಒಯ್ದಿನಿ. ರಸ್ತಾ ತುಂಬ ತಗ್ಗು. ಅಕಿ ಒಂದು ಸಲ ಸುದ್ದಾ ಅಯ್ಯೋ ಅನ್ಲಿಲ್ಲ, ನಾನೇ ಅಂದಿನಿ. ಹಂಗಾಗಿ ನಂದೇನೂ ಆಕ್ಷೇಪಣಿ ಇಲ್ಲ." ದೇವಿದಾಸ ಉಸಿರು ಬಿಡುವುದರೊಳಗೆ ಪೋಚಪ್ಪ ಬೆರಳೆತ್ತಿದ. "ನಿಂದರು. ಲಗ್ನದ ದಿನ ತಾಂಡೂರಲಿಂದ ಸುಮನ ಬರ್ತಾನ, ತನ್ನ ಹೆಂಡ್ತಿನ್ನ ಕರಕೊಂಡು. ಅವರಿಬ್ಬರಿಗೂ ಇದೇ ಪೀಠದ ಮುಂದ ಆಶೀರ್ವಾದ ಆಗ್ಬೇಕು. ಕೈ ಹಿಡದು ಕರಕೊಂಡು ಬರಾಂವ ನೀನೇ."

"ನಾನೇ ಕರಕೊಂಡು ಬರ್ತೀನಿ," ಎಂದ ದೇವಿದಾಸ.

ಪಾಸ್ಟರು 'ಆಕ್ಷೇಪಣೆ ಇಲ್ಲ' ಎಂದು ಬರೆದುಕೊಂಡರು. ಪ್ರೇಮಲಾ ಮೊಣಕೈ ಬಿಟ್ಟು ಕೂತಳು. ಸಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪೋಚಪ್ಪ ಮಾತ್ರ ಕದಲಲಿಲ್ಲ. "ಇನ್ನೊಂದು ಕೇಳ್ತೀನಿ ದೇವಿದಾಸ, ಖರೆ ಹೇಳು. ಆವತ್ತ ಕಲ್ಲಿನಂಗ ನಿಂತಿದ್ದಿ. ಇವತ್ತ ತಿರುಗಿದಿ. ಯಾವ ವಚನ ಓದಿ ತಿರುಗಿದಿ?"

ಪಾಸ್ಟರಿಗೆ ಮುಂದಿನ ಭಾನುವಾರದ ಉಪದೇಶ ಕಣ್ಣಿಗೆ ಕಟ್ಟಿತು. ಮುಚ್ಚುತ್ತಿದ್ದ ಪೆನ್ನನ್ನು ಮತ್ತೆ ತೆರೆದರು.

ದೇವಿದಾಸ ಕನ್ನಡಕ ತೆಗೆದು, ಮಡಚಿ, ಜೇಬಿಗಿಟ್ಟ.

"ವಚನ ಯಾವದೂ ಇಲ್ಲೋ," ಎಂದ. "ಆವತ್ತ ನಿನ್ನ ಮಗ ಇದ್ದ. ಇವತ್ತ ನನ್ನ ಮಗಳಿದ್ದಾಳ."