ಬೂದು ಅಂಗಿ, ಡಬ್ಬಾ ಮಾನಿಟರ್

ಅವರ ಅಂಗಿಗಳೆಲ್ಲ ಬೂದು ಬಣ್ಣದವು. ತೋಳು ಮಡಚಿ ಮಡಚಿ ಮೊಣಕೈ ಹತ್ತಿರ ತೆಳ್ಳಗಾದ, ಬಿಳಿಯೂ ಅಲ್ಲದ ಕಪ್ಪೂ ಅಲ್ಲದ ಬೂದು. ಇಡೀ ಆಯುಷ್ಯ ಬಣ್ಣದ ಕೆಲಸ ಮಾಡಿದ ಮನುಷ್ಯ ಮಗಳ ಮದುವೆಯ ಅಕ್ಷತೆಗೂ ಬೂದು ಅಂಗಿಯಲ್ಲೇ ನಿಂತಿದ್ದರು. ನಾನು ಚುಡಾಯಿಸಿದೆ. “ಕೆಂಪಂಗಿ ಹಾಕ್ಕೊಂಡು ಕೂತ್ರ ಅದರ ಝಳ ಸ್ಕ್ರೀನ್ ಮ್ಯಾಲ ಬೀಳತದ, ಯವ್ವಾ. ನನ್ನ ಅಂಗಿ ಬಣ್ಣ ಗಿರಾಕಿ ಸೀರಿಗೆ ಯಾಕ ಹತ್ತಬೇಕು?” ಅಂದರು. ಮದುವೆ ಮಂಟಪದಲ್ಲಿ ಸ್ಕ್ರೀನ್ ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಅವರ ಮನೆಯಲ್ಲಿ ಬೇರೆ ಬಣ್ಣದ ಅಂಗಿಯೇ ಇರಲಿಲ್ಲ.

ಪುಣೆಯ ಶಿವಾಜಿನಗರದ ಒಂದು ಹಿಂದಿನ ಗಲ್ಲಿಯಲ್ಲಿ ನಮ್ಮ ಪ್ರೆಸ್ಸು. ಮಾಲೀಕರ ಅಜ್ಜ ವಿಜಾಪುರ ಕಡೆಯಿಂದ ಬಂದವರಾದ್ದರಿಂದ ಹಣದ ಗಲ್ಲೆಯ ಮುಂದೆ ಗಿರಾಕಿಗಳೊಂದಿಗೆ ಮರಾಠಿ, ಒಳಗೆ ಕನ್ನಡ. ಅಚ್ಚಿಗೆ ಬಂದ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತೆರೆದು ಬಣ್ಣ ತಿದ್ದುವುದು ಆ ಬೂದು ಅಂಗಿಯವರ ಕೆಲಸ. ಎಲ್ಲರಿಗೂ ಅವರು ಕಾಕಾ. ನಾನು ಎರಡು ಮಕ್ಕಳ ತಾಯಿ, ಲಗ್ನಪತ್ರಿಕೆ ಟೈಪ್ ಮಾಡಲು ಸೇರಿದವಳು. ಒಂದು ದಿನ ಊಟದ ಹೊತ್ತಿನಲ್ಲಿ ಅವರು ಅಂಗೈಯಲ್ಲಿ ಮೂರು ಕೆಂಪು ದಾರದ ತುಂಡು ಹಿಡಿದು, “ಇದರಾಗ ಯಾವ ಎರಡು ಒಂದ ಬಣ್ಣ ಅವ?” ಎಂದು ಕೇಳಿದರು. ನಾನು ಕಿಟಕಿಗೆ ಹಿಡಿದು ನೋಡಿ, “ಮೂರೂ ಬ್ಯಾರೆ ಅವರಿ” ಅಂದೆ. ಕಾಕಾ ನೆಟ್ಟಗೆ ಮಾಲೀಕರ ಹತ್ತಿರ ಹೋಗಿ ನನ್ನನ್ನು ಬಣ್ಣದ ವಿಭಾಗಕ್ಕೆ ಕೇಳಿ ಪಡೆದರು. ಅಲ್ಲಿಯವರೆಗೆ ಆ ಕೋಣೆಯಲ್ಲಿ ಹೆಂಗಸರು ಕೂತಿರಲಿಲ್ಲ.

ಅವರ ಮಾನಿಟರ್ ಎತ್ತಲು ಇಬ್ಬರು ಬೇಕು. ಹಿಂದೆ ಹೊಟ್ಟೆ ಬಂದ ಹಳೆಯ ಟ್ಯೂಬಿನದು; ನಾವು ಅದಕ್ಕೆ ಡಬ್ಬಾ ಅನ್ನುತ್ತಿದ್ದೆವು. ಬೆಳಕು ಬೀಳದಂತೆ ಸುತ್ತ ಕರಿ ಕಾಗದ ಅಂಟಿಸಿದ ರಟ್ಟಿನ ಮುಸುಕು. ದಿನಾ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಬಂದು ಅದನ್ನು ಹಚ್ಚಿಟ್ಟು ಚಹಾಕ್ಕೆ ಹೋಗುವರು. ಅದರ ಬಣ್ಣ ನಿಲ್ಲಲು ಅಷ್ಟು ಹೊತ್ತು ಬೇಕಂತೆ. “ಅದಕ್ಕ ಮೈ ಕಾಯಬೇಕು. ಎದ್ದ ಕೂಡ್ಲೆ ನಿನ್ನ ಮಾರಿ ಸರಿ ಇರತದೇನು?” ಎಂದು ನನ್ನನ್ನೇ ಕೇಳುವರು.

ಆಗಷ್ಟೇ ತೆಳು ಮಾನಿಟರುಗಳು ಅಂಗಡಿಗೆ ಬರುತ್ತಿದ್ದವು. ತರಿಸಿ ಎಂದು ಮಾಲೀಕರ ತಲೆ ತಿಂದವಳು ನಾನೇ. ಮೇಜು ಖಾಲಿಯಾಗುತ್ತದೆ, ಸೆಕೆ ಕಡಿಮೆ, ಕಣ್ಣು ಉರಿಯುವುದಿಲ್ಲ ಎಂದೆಲ್ಲ ವಾದಿಸಿದೆ. ಮಾಲೀಕರು ಒಂದು ತರಿಸಿ ನನ್ನ ಮೇಜಿಗೆ ಇಟ್ಟರು. ಸರಿ ಹೋದರೆ ಕಾಕಾನದೂ ಸೇರಿ ಎಲ್ಲ ಡಬ್ಬಾ ಗುಜರಿಗೆ ಎಂದರು. ಕಾಕಾ ಸಿಟ್ಟಾಗಲಿಲ್ಲ. “ಇರಲಿ, ಅದನ್ನೂ ನೋಡೂಣು” ಅಂದರಷ್ಟೆ.

ಹೊಸದರ ಮೇಲೆ ಬಂದ ಮೊದಲ ದೊಡ್ಡ ಕೆಲಸ ಒಂದು ಸೀರೆ ಅಂಗಡಿಯ ಮಾದರಿ ಪುಸ್ತಕ. ಮೊದಲ ಪುಟದಲ್ಲೇ ಇಳಕಲ್ ಸೀರೆ, ಕೆಂಪು ಸೆರಗು. ಮಾಲೀಕರು ತಮ್ಮ ರೂಢಿಯಂತೆ ನನ್ನ ಬೆನ್ನ ಹಿಂದೆ ಕೈಕಟ್ಟಿ ನಿಂತರು. “ಭಾಳ ಪೇಲವ ಆತು. ಇನ್ನಷ್ಟು ಗಾಢ ಮಾಡು. ಇನ್ನಷ್ಟು.” ನನಗೆ ಸೆರಗು ಆಗಲೇ ಕಪ್ಪಾಗಿ ಕಾಣುತ್ತಿತ್ತು. ಆದರೂ ಬಾಯಿ ಬಿಡದೆ ಹೇಳಿದಷ್ಟೂ ಗಾಢ ಮಾಡಿದೆ.

ಪ್ರೂಫ್ ಬಂತು. ಸೆರಗು ಸೀದ ಬೆಲ್ಲದಂತಿತ್ತು. ಸೀರೆ ಅಂಗಡಿಯವರು ಹಾಳೆಯನ್ನು ಗಲ್ಲೆಯ ಮೇಲೆ ಒಗೆದು ಹೋದರು. ಮಾಲೀಕರು ಎಲ್ಲರೆದುರು, “ಈಕಿಗೆ ಬಣ್ಣಾನ ಕಾಣಂಗಿಲ್ಲ. ನಾಳಿಂದ ಮತ್ತ ಟೈಪಿಂಗಿಗೆ ಕೂಡಲಿ” ಅಂದರು. ಬಣ್ಣದ ಕೋಣೆಯಲ್ಲಿ ಕಣ್ಣಿನ ಮೇಲೆ ಒಮ್ಮೆ ಅಪವಾದ ಬಂದರೆ ಮುಗಿಯಿತು. ಚೀಲ ಕೈಗೆತ್ತಿಕೊಂಡೆ.

ಕಾಕಾ ತಮ್ಮ ಸ್ಟೂಲು ತಂದು ನನ್ನ ಮಾನಿಟರ್ ಮುಂದೆ ಹಾಕಿದರು. “ಮಾಲಕ್ರ, ಒಂದೀಟು ಇಲ್ಲಿ ಕೂಡ್ರಿ.” ಆ ಕೋಣೆಯಲ್ಲಿ ಮಾಲೀಕರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಕೂತರು. ಪರದೆಯಲ್ಲಿ ಅದೇ ಸೆರಗು.

“ಹೆಂಗ ಕಾಣತದರಿ?”

“ಕಪ್ಪಗ.”

“ಈಗ ಎದ್ದು ನಿಂದರ್ರಿ.”

ಮಾಲೀಕರು ಎದ್ದರು. ಸೆರಗು ಕೆಂಪಾಯಿತು. ಮತ್ತೆ ಕೂತರು, ಕಪ್ಪಾಯಿತು. ಕಾಕಾ ಅದೇ ಚಿತ್ರವನ್ನು ತಮ್ಮ ಡಬ್ಬಾದಲ್ಲಿ ತೆರೆದರು. ಅಲ್ಲಿ ಕೂತರೂ ನಿಂತರೂ ಅದು ಸೀದ ಬೆಲ್ಲವೇ.

“ನೀವು ನಿಂತು ನೋಡೀರಿ, ಆಕಿ ಕೂತು ನೋಡ್ಯಾಳ. ಆಕಿ ಕಣ್ಣು ಬರೋಬ್ಬರಿ ಅವರಿ. ಅಕ್ಷರಕ್ಕ ಈ ತೆಳ್ಳಂದು ಭಾಳ ಛಲೋ, ಟೈಪಿಂಗಿಗೆ ಕೊಡ್ರಿ. ಬಣ್ಣಕ್ಕ ಡಬ್ಬಾ ಇರಲಿ. ಈಕಿನೂ ಇಲ್ಲೇ ಇರಲಿ.”

ಹಾಗೇ ಆಯಿತು. ನನ್ನ ಹಟದಿಂದ ಬಂದ ಮಾನಿಟರ್ ಬಗ್ಗೆ ಕಾಕಾ ಒಂದು ಕೊಂಕು ಮಾತೂ ಆಡಲಿಲ್ಲ. ಬೈದದ್ದು ಬೇರೆಯದಕ್ಕೆ.

“ಕಪ್ಪಾಗೇದ ಅಂತ ನಿನಗ ಕಂಡಿತ್ತು ಹೌದಿಲ್ಲೋ? ಯಾಕ ಹೇಳಲಿಲ್ಲ?”

“ಮಾಲಕರು ನಿಂತಿದ್ದರಲ್ಲರಿ.”

“ಅವರು ಪಗಾರ ಕೊಡೂದು ನಿನ್ನ ಕಣ್ಣಿಗೆ, ಯವ್ವಾ. ಕಂಡದ್ದು ಹೇಳಬೇಕು.”

ಕೆಲವು ವರ್ಷಗಳಲ್ಲಿ ತೆಳು ಮಾನಿಟರುಗಳೂ ಸುಧಾರಿಸಿದವು. ಒಂದನ್ನು ಕಾಕಾ ತಾವೇ ಅಂಗಡಿಗೆ ಹೋಗಿ ಆರಿಸಿದರು. ನಾನೂ ಜೊತೆಗಿದ್ದೆ. ಆ ವಯಸ್ಸಿನಲ್ಲಿ ಪ್ರತಿಯೊಂದರ ಮುಂದೆ ಕೂತು, ಎದ್ದು, ಎಡಕ್ಕೆ ಬಲಕ್ಕೆ ವಾಲಿ ನೋಡುವಾಗ ಅಂಗಡಿಯವರು ಮುಸಿಮುಸಿ ನಕ್ಕರು. ನನಗೆ ಮಾತ್ರ ಎದೆಯುಬ್ಬಿ ಬಂತು. ಆರನೆಯದರ ಮುಂದೆ, “ಇದು ಆತು. ಇನ್ನ ನನ್ನ ಡಬ್ಬಾಕ್ಕ ರಜಾ ಕೊಡೂಣು” ಅಂದರು. ಆ ವರ್ಷವೇ ಕೆಲಸ ಬಿಟ್ಟರು. ಅವರ ಜಾಗದಲ್ಲಿ ನಾನು ಕೂತೆ.

ಅವರು ತೀರಿಕೊಂಡಾಗ ಹಾರ ಹಾಕುವ ಫೋಟೊ ಮಾಡಿಕೊಡಲು ಅವರ ಮಗಳು ಬಂದಳು. ಇದ್ದದ್ದು ಅವಳ ಮದುವೆಯದೊಂದೇ. ಮಂಟಪದ ದೀಪಕ್ಕೆ ಕಾಕಾನ ಮುಖ ಅರಿಸಿನ ಬಳಿದಂತೆ ಹಳದಿಯಾಗಿತ್ತು. ಒಳ್ಳೆಯ ಮಾನಿಟರ್ ಮೇಜಿನ ಮೇಲೇ ಇತ್ತು. ಆದರೂ ಮರುದಿನ ಅರ್ಧ ಗಂಟೆ ಮೊದಲೇ ಹೋಗಿ, ಮೂಲೆಯಲ್ಲಿದ್ದ ಡಬ್ಬಾದ ಧೂಳು ಒರೆಸಿ, ಹಚ್ಚಿಟ್ಟು, ಚಹಾ ಕುಡಿದು ಬಂದೆ. ಮುಖದ ಬಣ್ಣ ಎಷ್ಟು ತಿದ್ದಿದರೂ ಹೊಂದಲಿಲ್ಲ. ಆಗ ಅಂಗಿ ಕಂಡಿತು; ಅದೂ ಹಳದಿಗಟ್ಟಿತ್ತು. ಅದು ಬೂದು ಆಗುವ ತನಕ ಹಳದಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಅಂಗಿ ಬೂದಾಯಿತು, ಮುಖ ತಾನಾಗಿ ಕಾಕಾನದಾಯಿತು.

ಮಾಲೀಕರು ಬಂದರು. ಕಾಕಾನ ಸ್ಟೂಲು ಎಳೆದುಕೊಂಡು ಕೂತು ನೋಡಿದರು. “ಒಂದೀಟು ಬೆಳ್ಳಗ ಮಾಡಿದ್ರ ಹೆಂಗ?” ಅಂದರು.

“ಬ್ಯಾಡ್ರಿ, ಮಾಲಕ್ರ. ಕಾಕಾ ಇದ್ದದ್ದು ಹಿಂಗ” ಅಂದೆ.

ಅವರು ಇನ್ನೊಮ್ಮೆ ನೋಡಿ ತಲೆಯಾಡಿಸಿದರು. ಫೋಟೊ ಹಾಗೇ ಅಚ್ಚಾಯಿತು.