ಬರ್ಫದಕ್ಕ

ಕೊಪ್ಪಳದ ಸ್ಟೇಷನ್ನಿಗೆ ರೈಲಿನಲ್ಲಿ ಬರ್ಫ, ಅಂದರೆ ಮಂಜುಗಡ್ಡೆ, ಬಂತೆಂದರೆ ಸಾಕು, ಕಾಲೇಜು ಓದಿದ ನಾವೂ ಬರ್ಫದಕ್ಕನ ಅಂಗಡಿಗೆ ಓಡುತ್ತಿದ್ದೆವು. ಬರ್ಫದ ಗಡ್ಡೆಯನ್ನು ಗೋಣಿತುಂಡಿನಲ್ಲಿ ಹಿಡಿದು, ಮಗುಚಿಟ್ಟ ಬಡಗಿಯ ಕೀಸುಳಿಯ ಮೇಲೆ ಸರ್ರನೆ ಉಜ್ಜಿ, ಆ ಹುಡಿಗೆ ಕೆಂಪು ಶರಬತ್ತು ಸುರಿದು, "ಸಾವಕಾಶ ತಿನ್ರಿ, ಹಲ್ಲು ಜುಮ್ ಅಂದಾವು" ಎನ್ನುತ್ತಿದ್ದಳು.

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆ. ಅಂಗಿಯೊಳಗೆ ತ್ರಿವರ್ಣ ಬಾವುಟ ಬಚ್ಚಿಟ್ಟುಕೊಂಡು ಅಲ್ಲಿ ನಿಂತಿದ್ದೆ. ಬಂದೂಕು ಹಿಡಿದ ನಿಜಾಮರ ಕಡೆಯವರು ತಪಾಸಣೆಗೆ ಬರುತ್ತಿರುವುದು ಕಂಡಿತು. ಸಿಕ್ಕಿದ್ದರೆ ಗುಂಡೇ. ಇಣುಕುತ್ತಿದ್ದ ಬಾವುಟವನ್ನು ಆಕೆ ಸರಕ್ಕನೆ ಎಳೆದು, ಗೋಣಿಯೊಳಗೆ ಮಡಚಿ, ಅದರಲ್ಲೇ ಬರ್ಫ ಹಿಡಿದು ಅವರಿಗೆ ಉಜ್ಜಿಕೊಟ್ಟಳು! ನನ್ನ ಜೇಬು ತಡಕಿದವನು ಇನ್ನೊಂದು ಕೇಳಿದ.

"ಸಾವಕಾಶ ತಿನ್ರಿ, ಸಾಹೇಬ್ರ."

ಅವರು ಹೋದ ಮೇಲೆ ಬಾವುಟವನ್ನು ಹಿಂಡಿ ಕೊಟ್ಟಳು. ಅದು ಕೈಗೆ ಬಂದದ್ದೇ ತಡ, ನಾನು ಗಡಗಡ ನಡುಗಿದೆ.

ಅಕ್ಕ ನಕ್ಕಳು: "ಇಷ್ಟು ಥಂಡಿ ತಡೀವಲ್ಲಿ ತಮ್ಮಾ, ರಾಜ್ಯ ಹೆಂಗ ತಗೋತಿ?"