ಕ್ಲಚ್ಚು ಸುಟ್ಟವರು ಯಾರು?

ಈ ಅಂಕಣದಲ್ಲಿ ನಾನು ನಿಮಗೊಂದು ಸುಳ್ಳು ಹೇಳಿದ್ದೇನೆ. ಒಂದಲ್ಲ, ಎರಡು ಸಲ.

ನೆನಪಿದೆಯೇ? ಅಪ್ಪನ ಕೆಂಪು ಕಾರಿನ ಕ್ಲಚ್ಚನ್ನು ನನ್ನ ತಂಗಿ ವಿಜಿ ಸುಟ್ಟ ಕಥೆ. ಉಣಕಲ್ಲಿನ ಏರು, ಮುಂದೆ ಕಬ್ಬಿನ ಟ್ರ್ಯಾಕ್ಟರು, ಅರ್ಧ ಒತ್ತಿ ಹಿಡಿದ ಕ್ಲಚ್ಚು, ಕಮಟು ಹೊಗೆ. ಪಕ್ಕದಲ್ಲಿ ಕೂತು ‘ಕಾಲ ತಗೀ, ಕಾಲ ತಗೀ’ ಎಂದು ಅರಚುವ ನಾನು. (ಓದಿ ನಕ್ಕಿರಿ. ಕೆಲವರು ಫೋನನ್ನೂ ಮಾಡಿದಿರಿ.)

ಕಾರು ಇಟಲಿಯದು. ಎರಡೇ ಸೀಟು. ಇಂಜಿನ್ ಮುಂದಿಲ್ಲ, ಪೂರ್ತಿ ಹಿಂದೆಯೂ ಇಲ್ಲ. ನಡುವೆ, ನಿಮ್ಮ ಬೆನ್ನಿಗೆ ಒರಗಿಕೊಂಡಂತೆ ಇರುತ್ತದೆ. ಗೋವಾದ ಹಡಗಿನವನೊಬ್ಬನಿಂದ ಅಪ್ಪ ಕೊಂಡದ್ದು. (ಮುಂಬೈಯಿಂದ ತಂದದ್ದು ಎನ್ನುತ್ತಾಳೆ ವಿಜಿ. ಇರಲಿ.)

ಕ್ಲಚ್ಚು ಸುಟ್ಟಾಗ ಬಂದ ಮೆಕ್ಯಾನಿಕ್‌ಗಳೆಲ್ಲ ಮುಂದಿನ ಬಾನೆಟ್ ಎತ್ತಿದರು. ಅಲ್ಲಿ ಸ್ಟೆಪ್ನಿ ಮಲಗಿರುವುದನ್ನು ನೋಡಿ ಮುಚ್ಚಿದರು. ಚಹಾ ಕುಡಿದು ಹೋದರು. ಕಾರು ಕಮರಿಪೇಟೆಯ ನಮ್ಮ ಮನೆಯ ಹಿತ್ತಲ ಶೆಡ್ಡು ಸೇರಿತು. ವಿಜಿಯ ಕೈಗೆ ಅಪ್ಪ ಮತ್ತೆಂದೂ ಯಾವ ಗಾಡಿಯ ಕೀಲಿಯನ್ನೂ ಕೊಡಲಿಲ್ಲ. ಆಗ ಅವಳಿಗೆ ಹತ್ತೊಂಬತ್ತು. ಇವತ್ತು ಕೇಶ್ವಾಪುರದ ಅವಳ ಮನೆಯಲ್ಲಿ ಎರಡು ಕಾರುಗಳಿವೆ. ಅವಳು ಓಡಾಡುವುದು ಆಟೊದಲ್ಲಿ. ಸ್ಟೀರಿಂಗ್ ಮುಟ್ಟಿದರೆ ಸಾಕು, ಮಕ್ಕಳು ‘ಅವ್ವಾ, ಕ್ಲಚ್ಚ!’ ಎಂದು ಕೂಗುತ್ತಾರೆ. ನನ್ನ ಅಂಕಣದ ಪ್ರತಾಪ.

ಕಳೆದ ತಿಂಗಳು ಶೆಡ್ಡಿನ ತಗಡು ಸೋರಿತು. ಕಾರನ್ನು ಹೊರಗೆಳೆಯಬೇಕಾಯಿತು. ಎಳೆದ ಮೇಲೆ ಆಸೆ ಹುಟ್ಟಿತು. ಜೀವಮಾನವಿಡೀ ವ್ಯಾನುಗಳ ಹೊಟ್ಟೆ ಬಗೆದ ಇಮಾಮಸಾಬರನ್ನು ಕರೆದೆ. ಅವರು ಕಾರಿಗೆ ಎರಡು ಸುತ್ತು ಬಂದರು.

‘ಅಂಜೂದೇನೈತ್ರಿ ಸರ? ಓಮ್ನಿಯಾಗ ಇಂಜಿನ್ ಕುಂಡಿ ಕೆಳಗ, ಇದರಾಗ ಬೆನ್ನ ಹಿಂದ. ಇಷ್ಟ ಫರಕ್.’

ಇಂಜಿನ್ನಿಗೆ ಕೈ ಹಾಕಲು ಬೆನ್ನ ಹಿಂದಿನ ತಗಡು ಬಿಚ್ಚಬೇಕು. ಅದಕ್ಕೆ ಡ್ರೈವರ್ ಸೀಟು ಮುಂದೆ ಸರಿಯಬೇಕು. ಸರಿಯಲಿಲ್ಲ. ಹಿಂದಿನ ಕೊನೆಯಲ್ಲಿ ತುಕ್ಕು ಹಿಡಿದು ಕೂತಿತ್ತು.

‘ಕಡೀಕ ಓಡಿಸಿದವ್ರು ಯಾರ್ರಿ?’

‘ನನ್ನ ತಂಗಿ.’

‘ಭಾಳ ಉದ್ದ ಅದಾರೇನ್ರಿ?’

ನಾನು ನನ್ನ ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದೆ. ಇಮಾಮಸಾಬರು ನನ್ನ ಕೈ ನೋಡಿದರು. ಸೀಟು ನೋಡಿದರು. ದೂರದ ಪೆಡಲ್ ನೋಡಿದರು. ಆಮೇಲೆ ನನ್ನ ಉದ್ದನೆಯ ಕಾಲು ನೋಡಿದರು. ಸೀಟಿನ ಹಳಿಗೆ ಎಣ್ಣೆ ಬಿಟ್ಟರು.

ಕೆಟ್ಟ ಕಾರನ್ನು ಮನೆಗೆ ಎಳೆದು ತಂದಾಗ ಸ್ಟೀರಿಂಗ್ ಹಿಡಿದವನು ಅಪ್ಪ. ಸೀಟನ್ನು ಅವನೇ ಹಿಂದಕ್ಕೆ ಸರಿಸಿರಬಹುದಲ್ಲ? ಆದರೆ ವಿಜಿಯ ಗಿಡ್ಡತನ ಬಂದದ್ದೇ ಅಪ್ಪನಿಂದ. ಹಿಂದಿದ್ದ ಸೀಟಿನ ಅಂಚಿನಲ್ಲೇ ಕೂತು ಸ್ಟೀರಿಂಗ್ ಹಿಡಿದಿರಬೇಕು ಅವನು.

ಮರುದಿನ ವಿಜಿ ಬಂದಳು. ಆಟೊದಲ್ಲಿ. ಅಷ್ಟರಲ್ಲಿ ಗೇರ್‌ಬಾಕ್ಸ್ ಕೆಳಗಿಳಿದಿತ್ತು. ಕ್ಲಚ್ ಪ್ಲೇಟು ಸೀದ ರೊಟ್ಟಿಯಂತೆ ಕಟ್ಟೆಯ ಮೇಲಿತ್ತು.

‘ವಿಜಿ, ಅವತ್ತ ಗಾಡಿ ಯಾರ ಓಡಸಾಕತ್ತಿದ್ರು?’

‘ನೀನ ಅಲ್ಲೇನಣ್ಣಾ?’

ಇಷ್ಟು ಸಲೀಸಾಗಿ!

‘ಪೆಡಲ್ ಮ್ಯಾಲೆ ನಿನ್ನ ಹಸರ ಪಟ್ಟಿ ಚಪ್ಪಲ್, ಇನ್ನೂ ಕಣ್ಣಾಗೈತಿ ನಂಗ.’

‘ಹಸರ ಪಟ್ಟಿ ಚಪ್ಪಲ್ ನಿಂದೋ ಯಪ್ಪಾ!’

‘ಮತ್ತ ಅಪ್ಪ ಕೇಳಿದಾಗ ನೀ ಯಾಕ ಹೂಂ ಅಂದಿ?’

‘ನೀ ಅಳಾಕತ್ತಿದ್ದಿ. ಎರಡ ದಿನ ಸಿಟ್ಟಾಗಿ ಮತ್ತ ಕೀಲಿ ಕೊಡ್ತಾನ ಅನ್ಕೊಂಡೆ. ಕೊಡಲಿಲ್ಲ.’

‘ನಾ ಪೇಪರಿನಾಗ ಬರದಾಗರ ಹೇಳಬಾರದಿತ್ತೇನ?’

‘ಛಲೋ ಬರದಿದ್ದಿ. ನಾನೂ ನಕ್ಕೆ.’

ಪ್ರತಿ ಮನೆಯಲ್ಲೂ ಒಬ್ಬರಿಗೆ ಇಂಥದ್ದೊಂದು ಗಂಟುಬಿದ್ದಿರುತ್ತದೆ. ರೇಡಿಯೊ ಕೆಡಿಸಿದವಳು, ಹಾಲು ಉಕ್ಕಿಸಿದವನು. ಮದುವೆ ಮುಂಜಿಗಳಲ್ಲಿ ಕಥೆ ಮತ್ತೆ ಬರುತ್ತದೆ, ಎಲ್ಲರೂ ನಗುತ್ತಾರೆ, ಪ್ರತಿ ಸಲ ಇನ್ನಷ್ಟು ಖರೆಯಾಗುತ್ತದೆ. ನಿಮ್ಮ ಮನೆಯಲ್ಲಿ ಅದನ್ನು ಹೇಳುವವರು ಯಾರು? ಅವರ ಕಾಲು ಎಷ್ಟು ಉದ್ದ?

ಹಾಗಂತ ವಿಜಿಯ ನೆನಪನ್ನು ನಂಬಲೇ? ಅದು ಶ್ರಾವಣ ಎನ್ನುತ್ತಾಳೆ. ದೀಪಾವಳಿಯಾಚೆ ಕಡಿಯುವ ಕಬ್ಬಿನ ಟ್ರ್ಯಾಕ್ಟರ್ ಶ್ರಾವಣದಲ್ಲಿ ಎಲ್ಲಿಂದ ಬಂತು? ಅವಳನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ. ಸೀಟನ್ನು ನಂಬುತ್ತೇನೆ. ತುಕ್ಕಿಗೆ ಅಂಕಣ ಬರೆಯುವ ಚಟವಿಲ್ಲ.

ಹೊಸ ಪ್ಲೇಟು ಎಲ್ಲೂ ಸಿಗಲಿಲ್ಲ. ಅಮರಗೋಳದಲ್ಲಿ ಟ್ರ್ಯಾಕ್ಟರ್ ಕ್ಲಚ್ಚಿಗೆ ಲೈನಿಂಗ್ ಬಡಿಯುವವರೊಬ್ಬರು ಹಳೆಯದಕ್ಕೇ ಹೊಸ ಲೈನಿಂಗ್ ಕೂರಿಸಿಕೊಟ್ಟರು. ಎರಡು ವಾರದ ಮೇಲೆ ಇಂಜಿನ್ ಗುರ್ರೆಂದಿತು. ನೋಡಲು ವಿಜಿಯೂ ಬಂದಿದ್ದಳು. ನಾನು ಕೀಲಿಗೆ ಕೈ ಚಾಚಿದೆ.

‘ನೀವ ಆ ಕಡೆ ಕುಂದರ್ರಿ ಸರ,’ ಎಂದರು ಇಮಾಮಸಾಬರು. ‘ಮೊದಲ ಅಕ್ಕಾರು.’

ವಿಜಿ ಕೂತಳು. ಸೀಟನ್ನು ಕಟಕಟನೆ ಮುಂದೆಳೆದುಕೊಂಡಳು. ನಾನು ಪಕ್ಕದ ಸೀಟಿನಲ್ಲಿ ಕೂತೆ, ನನ್ನ ಕಥೆಯಲ್ಲಿ ಕೂತಿದ್ದ ಜಾಗದಲ್ಲೇ. ಎರಡು ಸಲ ಗಾಡಿ ಜರ್ಕ್ ಹೊಡೆದು ನಿಂತಿತು. ನಾನು ‘ಕಾಲ ತಗೀ’ ಎನ್ನಲಿಲ್ಲ. ಮೂರನೇ ಸಲ ಓಣಿಯ ಕೊನೆಯವರೆಗೂ ಹೋಯಿತು. ಸುಟ್ಟ ವಾಸನೆ ಬರಲಿಲ್ಲ. ವಿಜಿ ಮಾತ್ರ ಅಳುತ್ತಿದ್ದಳು. ಈ ಸಲ ಅವಳಿಗಾಗಿ ನಾನು ಹೂಂ ಅನ್ನಬೇಕಾದದ್ದು ಏನೂ ಇರಲಿಲ್ಲ.

ಸೀಟು ಈಗ ಮುಂದೆಯೇ ಇದೆ. ನನ್ನ ಕಾಲು ಅಲ್ಲಿ ಹಿಡಿಸುವುದಿಲ್ಲ. ಹಿಡಿಸಲೇಬೇಕೇ?